ಕಾಲೊನಿ ಗಾರ್ಡನ್ ವರ್ಷಪೂರ್ತಿ ನೋಡ್ಕೊಳ್ಳೋಣ: ಸೇಡಂ ರೋಡ್ ಕಡಿಯವರು ಯಾರ್ಯಾರು ಬರ್ತೀರಿ?

ಸೇಡಂ_ರೋಡ್_ನಿವಾಸಿ

ಎಲ್ಲರಿಗೂ ಶರಣು ಶರಣಾರ್ಥಿ. ನಮ್ಮ ಕಾಲೊನಿ ಗಾರ್ಡನ್ ಬಗ್ಗೆ ಬರೀಲಿಕತ್ತೀನಿ, ಜರಾ ಉದ್ದ ಆಗ್ತದ, ಪೂರಾ ಓದ್ರಿ. ಕಲಬುರಗಿ ಸೇಡಂ ರೋಡಿಂದ ಒಳಗ ಬಂದ್ರ ಅರ್ಧ ಎಕರೆ ಆಜುಬಾಜು ಜಾಗ, ಸುತ್ತ ಕಾಂಪೌಂಡ್ ಅದ, ಗೇಟ್ ಅದ, ಮಕ್ಕಳ ಜಾರುಬಂಡಿ ಅದ, ಶಾಬಾದಿ ಕಲ್ಲಿನ ಬೆಂಚ್ ನಾಕೈದು ಅವ, ಬೇವಿನ ಗಿಡ ಚಲೋ ಬೆಳ್ದು ನೆರಳು ಕೊಡ್ಲಿಕತ್ತಾವ. ಎಲ್ಲಾ ಅದ, ನೋಡ್ಕೊಳ್ಳೋರು ಇಲ್ಲ. ಮಳಿಗಾಲ ಬಂದ್ರ ಮೊಣಕಾಲ ಮಟ ಕಾಂಗ್ರೆಸ್ ಕಸ, ಬ್ಯಾಸಿಗಿ ಬಂದ್ರ ಅದೇ ಒಣಗಿ ಕಡ್ಡಿ, ನಡುನಡುವ ಬಾಟ್ಲಿ, ಗುಟ್ಕಾ ಚೀಟಿ, ಬರ್ತ್‌ಡೇ ಕೇಕಿನ ಡಬ್ಬಿ.

ವರ್ಷಕ್ಕೊಮ್ಮೆ ಅಕ್ಟೋಬರ್ 2ಕ್ಕ ಮಂದಿ ಬರ್ತಾರ, ಖರೆನೇ ಮನಸಿಟ್ಟು ಕಸ ಹೊಡೀತಾರ, ಅದರಾಗ ಸುಳ್ಳಿಲ್ಲ. ಆದ್ರ ಹೊಡ್ದ ಕಸ ಗೇಟ್ ಮುಂದ ಗುಂಪಿ ಹಾಕಿ ಹೋಗ್ತಾರ, ಅದನ್ನ ಯಾರು ಎತ್ತಬೇಕು ಅಂತ ಯಾರೂ ಕೇಳಂಗಿಲ್ಲ, ದನ ಬಂದು ಕೆದರ್ತಾವ, ಗಾಳಿ ಬೀಸ್ತದ, ವಾರ ಆಗೋದ್ರಾಗ ಅರ್ಧ ಕಸ ವಾಪಸ್ ಒಳಗ. ಜುಲೈದಾಗ ಸಸಿ ಹಚ್ತಾರ, ಏಪ್ರಿಲ್‌ದಾಗ ನೋಡಿದ್ರ ಒಂದೂ ಇರಂಗಿಲ್ಲ.

ಅದಕ್ಕ ನನ್ನ ವಿಚಾರ ಏನಂದ್ರ ಒಂದು ದಿನದ ಅಭಿಯಾನ ಬ್ಯಾಡ. ಪ್ರತಿ ಆಯ್ತವಾರ ಮುಂಜಾನಿ 6ರಿಂದ 8, ಬಿಸಿಲು ಏರೋದ್ರಾಗ ಮುಗಿಸೋದು, ಮಂದಿ ಕಡಿಮಿ ಇದ್ರೂ ನಡೀತದ, ಆದ್ರ ಏಪ್ರಿಲ್ ಮೇದಾಗೂ ಬರೋರು ಬೇಕು. ಕಸ ಎಲ್ಲಿಗೆ ಕಳಸೋದು, ನೀರು ಎಲ್ಲಿಂದ ತರೋದು, ಪರ್ಮಿಶನ್ ಯಾರ ಕಡಿಂದ ತಗೋಬೇಕು, ಇವು ಮೂರೂ ತಿಳಿದವರು ಹೇಳ್ರಿ.

ಗಂಜ್_ಹುಡುಗ

ನಾ ಬರ್ತೀನಿ ಅಣ್ಣಾ. ಗುದ್ದಲಿ, ಸಲಿಕಿ, ಎರಡು ಖುರ್ಪಿ ನಮ್ಮನ್ಯಾಗ ಅವ. ಖಾಲಿ ಚೀಲ ಬೇಕಂದ್ರ ಗಂಜ್ ಮಾರ್ಕೆಟ್‌ದಾಗ ಸಿಗ್ತಾವ, ಪ್ಲಾಸ್ಟಿಕ್ ಕವರ್ ಹೊಸಾದು ಕೊಂಡು ಅದರಾಗ ಕಸ ತುಂಬೋ ಕೆಲಸ ಮಾತ್ರ ಬ್ಯಾಡ, ಕಸ ತೆಗೀಲಿಕ್ಕೆ ಹೋಗಿ ಕಸ ಹೆಚ್ಚು ಮಾಡಿದಂಗ ಆಗ್ತದ.

ಒಂದು ಮಾತು, ಗುಟ್ಕಾ ಚೀಟಿ ಕಸಬರಿಗಿಗೆ ಬರಂಗಿಲ್ಲ. ಮಳ್ಯಾಗ ಮಣ್ಣೊಳಗ ಹೂತು ಕುಂತಿರ್ತಾವ, ಮ್ಯಾಲ ಒಂದು ತುದಿ ಅಷ್ಟೇ ಮಿಂಚ್ತದ, ಎಳದ್ರ ಕೆಳಗ ಇನ್ನೂ ನಾಕು, ಅದರ ಕೆಳಗ ಮತ್ತೆರಡು. ಬೆಂಚಿನ ಸುತ್ತ ಹಿಂಗ ಪದರ ಪದರ ಆಗ್ಯಾವ. ಕುಂತು ಖುರ್ಪಿಲೆ ಮಣ್ಣು ಸಡ್ಲ ಮಾಡಿ ಕೈಲೆ ಆರಿಸಬೇಕು. ಬ್ಯಾಸ್ರ ಬರ್ತದ, ಆದ್ರ ಅವು ತೆಗೀದೆ ಅಲ್ಲಿ ಹುಲ್ಲು ಸುದ್ದಾ ಬೆಳ್ಯಂಗಿಲ್ಲ.

ಟೀಚರಮ್ಮ

ಬಾಟ್ಲಿ ಒಡ್ದ ಗಾಜು ಇರೋ ಜಾಗಕ್ಕ ಮಕ್ಕಳನ್ನ ಕರ್ಕೊಂಡು ಬರಬ್ಯಾಡ್ರಿ ಅಂತ ಮೊದಲೇ ಹೇಳ್ತೀನಿ. ಮೊದಲ ಎರಡು ಮೂರು ವಾರ ದೊಡ್ಡವರೇ ಗಾಜು, ಬ್ಲೇಡು, ಸೂಜಿ ತೆಗೀರಿ, ಆಮ್ಯಾಲ ಮಕ್ಕಳು ಬರ್ಲಿ. ದಪ್ಪನ ಕೈಗವಸು, ಶೂಜ್ ಕಂಪಲ್ಸರಿ, ಚಪ್ಪಲ್ ಮ್ಯಾಲ ಬಂದವರನ್ನ ವಾಪಸ್ ಕಳಸ್ರಿ. ಟಿಟಿ ಇಂಜೆಕ್ಷನ್ ಭಾಳ ವರ್ಷ ಆಗಿದ್ರ ಡಾಕ್ಟರಿಗೆ ಒಮ್ಮೆ ಕೇಳ್ರಿ.

ಮತ್ತ ಇನ್ನೊಂದು. ನಮ್ಮ ಕಡಿ ಗಾರ್ಡನ್‌ದಾಗ ಹೆಣ್ಮಕ್ಕಳು ಸಂಜಿ 6ರ ಮ್ಯಾಲ ಯಾಕ ಹೋಗಂಗಿಲ್ಲ ಅಂದ್ರ ಕಸದ ಸಲುವಾಗಿ ಅಲ್ಲ, ಲೈಟ್ ಇಲ್ಲ, ಮೂಲ್ಯಾಗ ಕುಡಿಯೋರು ಕುಂತಿರ್ತಾರ. ನೀವು ಎಷ್ಟೇ ಹಸನ ಮಾಡ್ರಿ, ಲೈಟ್ ಹತ್ತಲಿಲ್ಲಂದ್ರ ಮರುದಿನ ಮತ್ತ ಬಾಟ್ಲಿ ಬೀಳ್ತಾವ. ಮೊದಲ ಅರ್ಜಿ ಲೈಟಿನ ಸಲುವಾಗಿ ಕೊಡ್ರಿ.

ಎರಿ_ಹೊಲ

ಕಾಂಗ್ರೆಸ್ ಕಸದ ಬಗ್ಗೆ ನಾ ಬರೀತೀನಿ, ಹೊಲದಾಗ ಅದರ ಕೂಡ ಜಗಳಾಡೇ ದೊಡ್ಡವರಾಗೀವಿ. ಪಾರ್ಥೇನಿಯಂ ಅಂತಾರ, 1955ರ ಸುಮಾರಿಗೆ ಪುಣೆದಾಗ ಮೊದಲು ಕಂಡದ್ದು, ಅಮೆರಿಕದಿಂದ ಬಂದ ಗೋಧಿ ಕೂಡ ಬಂತು ಅಂತ ಹೇಳ್ತಾರ, ಈಗ ನಮ್ಮ ಎರಿಭೂಮಿ ತುಂಬ ಅದೇ. ಒಂದೊಂದು ಗಿಡಕ್ಕ ಸಾವಿರಾರು ಬೀಜ, ಮೊಳಕಿ ಒಡ್ದು ತಿಂಗಳೊಪ್ಪತ್ತಿನ್ಯಾಗ ಬಿಳಿ ಹೂ ಬಿಡ್ತದ. ಹೂ ಬಿಟ್ಟ ಮ್ಯಾಲ ಕಿತ್ತು ಅಲ್ಲೇ ಒಗದ್ರಿ ಅಂದ್ರ ನೀವೇ ಕೈಯಾರೆ ಬಿತ್ತಿದಂಗ ಆತು.

ಹಂಗಾಗಿ ಟೈಮ್ ಮುಖ್ಯ. ಮಳಿ ಬಿದ್ದ ಮರುದಿನ, ಮಣ್ಣು ಹಸಿ ಇದ್ದಾಗ, ಹೂ ಬರೋದ್ರ ಮುಂಚೆ, ಬೇರಿನ ಸಮೇತ ಕೀಳಬೇಕು. ನಮ್ಮ ಎರಿಮಣ್ಣು ಒಣಗಿದ್ರ ಕಲ್ಲಾಗ್ತದ, ಎಳದ್ರ ಕಾಂಡ ಕೈಗೆ ಬರ್ತದ ಬೇರು ಒಳಗೇ ಉಳೀತದ, ಮತ್ತ ಚಿಗರ್ತದ. ಮಷಿನ್ ಹಚ್ಚಿ ಕತ್ತರಿಸಿದ್ರೂ ಅಷ್ಟೇ. ಕೈಗವಸು, ತುಂಬು ತೋಳಿನ ಅಂಗಿ, ಮಾರಿಗೆ ಮಾಸ್ಕ್, ಯಾಕಂದ್ರ ಕೆಲವರಿಗೆ ಮೈ ತುರಿಸಿ ಗಾಯ ಆಗ್ತದ, ದಮ್ಮು ಇದ್ದವರಿಗೆ ಭಾಳ ತ್ರಾಸ. ದಮ್ಮಿನವರು ಆ ದಿನ ಬ್ಯಾರೆ ಕೆಲಸ ಹಿಡೀರಿ.

ಇನ್ನ ಎಲಿ ಮ್ಯಾಲ ಕೆನಿ ಬಣ್ಣದ, ಬೆನ್ನ ಮ್ಯಾಲ ಕಂದು ಗೀಟು ಇರೋ ಸಣ್ಣ ಹುಳ ಕಂಡ್ರ ಸಾಯಿಸಬ್ಯಾಡ್ರಿ. ಅದು ಮೆಕ್ಸಿಕೊದ ಹುಳ, 1984ರಾಗ ಬೆಂಗಳೂರು ಕಡಿ ಮೊದಲು ಬಿಟ್ಟಾರ, ಈ ಕಸದ ಎಲಿ ತಿಂದು ತೂತು ಮಾಡ್ತದ. ಅದೊಂದರಿಂದಲೇ ಪೂರಾ ಕಸ ಹೋಗಂಗಿಲ್ಲ, ಆದ್ರ ನಮ್ಮ ಪರವಾಗಿ ಕೆಲಸ ಮಾಡೋ ಹುಳ ಅದು, ಇರ್ಲಿ ಬಿಡ್ರಿ.

ಜಗತ್_ಸರ್ಕಲ್

ಉಪ್ಪಿನ ನೀರು ಹೊಡದ್ರ ಕಾಂಗ್ರೆಸ್ ಕಸ ಎರಡು ದಿನದಾಗ ಒಣಗ್ತದ, ಲೀಟರಿಗೆ 200 ಗ್ರಾಂ ಅಡಗಿ ಉಪ್ಪು. ಇಷ್ಟು ಕಷ್ಟ ಯಾಕ ಬೇಕು?

ಎರಿ_ಹೊಲ

ಒಣಗ್ತದ ಅಣ್ಣಾ, ಖರೆ. ರೋಡ್ ಬಾಜು, ಖಾಲಿ ಪ್ಲಾಟಿನ್ಯಾಗ ಹೊಡೀರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಗಾರ್ಡನ್‌ದಾಗ ಮುಂದ ಸಸಿ ಹಚ್ಚೋ ಜಾಗ ಅದು. ಎರಿಮಣ್ಣಿನ್ಯಾಗ ನೀರು ಇಂಗೋದೇ ನಿಧಾನ, ಉಪ್ಪು ಒಳಗೇ ನಿಂತ್ರ ಮುಂದ ನೀವು ಹಚ್ಚಿದ್ದೂ ಏಳಂಗಿಲ್ಲ. ಅದರ ಬದ್ಲಿ ಮಳಿಗಿಂತ ಮುಂಚೆ ತಗಚಿ ಬೀಜ ಚೆಲ್ಲ್ರಿ, ನಮ್ಮ ಕಡಿ ಹೊಲದ ಬದುವಿನ್ಯಾಗ ಬೇಕಾದಷ್ಟು ಬೆಳೀತದ, ಬೀಜ ಆರಿಸ್ಕೊಂಡು ಬಂದ್ರ ಆತು. ಅದು ದಟ್ಟ ಎದ್ದು ಕಾಂಗ್ರೆಸ್ ಕಸಕ್ಕ ಜಾಗ ಕೊಡಂಗಿಲ್ಲ.

ಪೌರಕಾರ್ಮಿಕರ_ಮನಿ_ಹುಡುಗಿ

ನಮ್ಮವ್ವ ಕಸ ಗುಡಿಸೋ ಕೆಲಸಕ್ಕ ಹೋಗ್ತಾಳ, ಅದಕ್ಕ ನಾನೂ ಒಂದು ಮಾತು ಬರೀಬೇಕು ಅನ್ನಿಸ್ತು. ನೀವೆಲ್ಲಾ ಆಯ್ತವಾರ ಸ್ವಚ್ಛ ಮಾಡಿ ಮನಿಗೆ ಹೋಗ್ತೀರಿ, ಸೋಮವಾರ ಆ ಗುಂಪಿ ಮುಂದ ನಿಂತಿರೋಕಿ ನಮ್ಮವ್ವ. ಚೀಲ ಎತ್ತಿದ್ರ ಅದರಾಗ ಒಡ್ದ ಬಾಟ್ಲಿ ಇರ್ತದ, ಮ್ಯಾಲಿಂದ ಕಾಣಂಗಿಲ್ಲ, ಕೆಳಗ ಚೀಲ ಹರದು ಹೊರಗ ಬಂದಿರ್ತದ. ಒಮ್ಮೆ ಹಿಂಗೇ ಅಂಗೈ ಕೊಯ್ಕೊಂಡು ಹೊಲಿಗಿ ಹಾಕಿಸ್ಕೊಂಡು ಬಂದಾಳ, ಬಲಗೈ, ರೊಟ್ಟಿ ಬಡೀಲಿಕ್ಕೂ ಬರ್ತಿದ್ದಿಲ್ಲ.

ಅದಕ್ಕ ಕೇಳ್ಕೋತೀನಿ. ಗಾಜು ಬ್ಯಾರೆ ಡಬ್ಬಿಗೆ, ರಟ್ಟಿನ ಬಾಕ್ಸ್ ಆದ್ರೂ ನಡೀತದ, ಮ್ಯಾಲ ದಪ್ಪ ಅಕ್ಷರದಾಗ ‘ಗಾಜು’ ಅಂತ ಬರೀರಿ. ಪ್ಯಾಡ್, ಡೈಪರ್ ಪೇಪರಿನ್ಯಾಗ ಸುತ್ತಿ ಬ್ಯಾರೆ ಇಡ್ರಿ. ಹಸಿ ಎಲಿ ಹುಲ್ಲು ಪ್ಲಾಸ್ಟಿಕ್ ಕೂಡ ಕಲಸಬ್ಯಾಡ್ರಿ, ಕಲಸಿದ್ರ ಅದನ್ನ ಯಾರೂ ತಗೋಳಂಗಿಲ್ಲ, ಮತ್ತ ಅವರೇ ಕುಂತು ಬಿಡಿಸಬೇಕು. ಮತ್ತ ಕಸದ ಗಾಡಿ ನಿಮ್ಮ ಓಣಿಗೆ ಯಾವ ದಿನ ಎಷ್ಟಕ್ಕ ಬರ್ತದ ಅಂತ ಕೇಳ್ಕೊಂಡು ಆ ಮುಂಜಾನಿನೇ ಚೀಲ ಹೊರಗ ಇಡ್ರಿ. ಮೊದಲ ದಿನ ಅಲ್ಲಿ ಕೆಲಸ ಮಾಡೋರನ್ನ ಕರದು ಮಾತಾಡ್ಸ್ರಿ, ಅವರಿಗೆ ಗೊತ್ತಿರೋದು ನಿಮಗ್ಯಾರಿಗೂ ಗೊತ್ತಿರಂಗಿಲ್ಲ.

ಸೇಡಂ_ರೋಡ್_ನಿವಾಸಿ

ತಂಗಿ, ನೀ ಬರದದ್ದು ಓದಿ ಮನಸಿಗೆ ಹತ್ತಿತು. ನೀ ಹೇಳಿದಂಗೇ ಮಾಡ್ತೀವಿ. ಗಾಜಿನ ಸಲುವಾಗಿ ಹಳೆ ಬಣ್ಣದ ಡಬ್ಬಿ ಎರಡು ತರ್ತೀನಿ, ಪತ್ರಾದ್ದು, ಹರಿಯಂಗಿಲ್ಲ. ಗಾಡಿ ಟೈಮ್ ಈ ವಾರನೇ ಕೇಳ್ತೀನಿ.

ಬೆಂಗಳೂರಲ್ಲಿರೋ_ಕಲಬುರಗಿಯವ

ಬೇಜಾರ್ ಮಾಡ್ಕೋಬೇಡಿ, ನೇರವಾಗಿ ಕೇಳ್ತೀನಿ. ಪ್ರತಿ ವರ್ಷ ಆಸ್ತಿ ತೆರಿಗೆ ಕಟ್ತೀವಿ, ಅದರ ಜೊತೆ ಕಸದ ಸೆಸ್ ಕೂಡ ಕಟ್ತೀವಿ. ಪಾರ್ಕ್ ನೋಡ್ಕೊಳ್ಳೋದು ಸ್ಥಳೀಯ ಸಂಸ್ಥೆಯ ಕೆಲಸ. ಜನ ತಾವೇ ಮಾಡೋಕೆ ನಿಂತ್ರೆ ಟೆಂಡರ್ ತಗೊಂಡವನು ಕೆಲಸ ಮಾಡದೇನೇ ಬಿಲ್ ಮಾಡ್ಕೋತಾನೆ. ನೀವು ಕೈಗೆ ಪೊರಕೆ ತಗೊಳ್ಳೋ ಬದ್ಲು ಅರ್ಜಿ ತಗೊಳ್ಳಿ ಅನ್ನೋದು ನನ್ನ ಅಭಿಪ್ರಾಯ.

ಟೀಚರಮ್ಮ

ಅರ್ಜಿನೂ ಕೊಡೋಣ, ಯಾರು ಬ್ಯಾಡ ಅಂದಾರ? ಆದ್ರ ಅರ್ಜಿಗೆ ಉತ್ತರ ಬರೋ ತನಕ ಮಕ್ಕಳು ಎಲ್ಲಿ ಆಡಬೇಕು? ಈಗ ನಮ್ಮ ಓಣಿ ಮಕ್ಕಳು ರೋಡಿನ ಮ್ಯಾಲೇ ಲಗೋರಿ ಆಡ್ಲಿಕತ್ತಾವ, ಬೈಕಿನವರು ಹಾರ್ನ್ ಹೊಡ್ಕೋತ ನಡಬರಕ ಹಾದು ಹೋಗ್ತಾರ.

ನಿವೃತ್ತ_ಇಂಜಿನಿಯರ್

ಬೆಂಗಳೂರಿನ ತಮ್ಮ ಕೇಳಿದ್ದು ಸರಿಯಾದ ಪ್ರಶ್ನೆ, ಅದಕ್ಕೆ ಸ್ವಲ್ಪ ವಿವರವಾಗಿ ಬರೀತೀನಿ. ಶ್ರಮದಾನ ಮಾಡೋದು ಬೇರೆ, ಹೊಣೆ ತಮ್ಮ ಮ್ಯಾಲ ಎಳ್ಕೊಳ್ಳೋದು ಬೇರೆ. ನಾವು ಮೊದಲನೇದು ಮಾಡಬೇಕು, ಎರಡನೇದು ಮಾಡಬಾರದು. ಆದ್ದರಿಂದ ಮೊದಲ ದಿನನೇ ಪಾಲಿಕೆಗೆ ಒಂದು ಪತ್ರ ಕೊಟ್ಟು ಸ್ವೀಕೃತಿ ತಗೊಳ್ರಿ, ಅದರಾಗ ನಾವು ವಾರಕ್ಕೊಮ್ಮೆ ಸ್ವಯಂಸೇವೆ ಮಾಡ್ತೀವಿ, ನಿರ್ವಹಣೆ ತಮ್ಮದೇ, ಲೈಟ್, ನೀರಿನ ಕನೆಕ್ಷನ್, ಕಸ ಸಾಗಾಟ ತಮ್ಮಿಂದ ಆಗಬೇಕು ಅಂತ ಸ್ಪಷ್ಟವಾಗಿ ಇರ್ಲಿ. ಟೆಂಡರ್ ಅದನೋ ಇಲ್ಲೋ, ಇದ್ದರ ಅದರಾಗ ಏನೇನು ಕೆಲಸ ಬರ್ದಾರ ಅನ್ನೋದು ಆರ್‌ಟಿಐ ಹಾಕಿ ಕೇಳ್ರಿ, 10 ರೂಪಾಯಿ ಶುಲ್ಕ, 30 ದಿನದಾಗ ಉತ್ತರ ಕೊಡಬೇಕು. ಆ ಕಾಗದ ಕೈಯಾಗ ಇದ್ದರ ಮಾಲಿ ಎಷ್ಟು ಮಂದಿ, ನೀರು ಹಾಕೋದು ಯಾರ ಜವಾಬ್ದಾರಿ ಎಲ್ಲಾ ಗೊತ್ತಾಗ್ತದ.

ಇನ್ನೊಂದು, ಲೇಔಟ್ ನಕ್ಷೆ ತೆಗಿಸಿ ನೋಡ್ರಿ. ನಕ್ಷೆದಾಗ ಪಾರ್ಕ್ ಅಂತ ಎಷ್ಟು ಜಾಗ ತೋರಿಸ್ಯಾರ, ಕಾಂಪೌಂಡ್ ಒಳಗ ಈಗ ಎಷ್ಟು ಅದ ಅಂತ ಟೇಪ್ ಹಿಡದು ಅಳೀರಿ. ಭಾಳ ಕಡಿ ಎರಡೂ ಒಂದೇ ಇರಂಗಿಲ್ಲ. 1985ರ ಕರ್ನಾಟಕ ಉದ್ಯಾನ, ಆಟದ ಮೈದಾನ ಮತ್ತು ತೆರೆದ ಜಾಗಗಳ ಸಂರಕ್ಷಣಾ ಕಾಯ್ದೆ ಅಂತ ಅದ, ಪಾರ್ಕಿನ ಜಾಗ ಬ್ಯಾರೆ ಉಪಯೋಗಕ್ಕ ತಿರುಗಿಸಬಾರದು ಅನ್ನೋದೇ ಅದರ ತಿರುಳು. ಯಾರರ ಬಂದು ಗುಡಿ ಕಟ್ತೀವಿ, ಸಮುದಾಯ ಭವನ ಕಟ್ತೀವಿ, ಕಚೇರಿ ಮಾಡ್ತೀವಿ ಅಂದ್ರ ಈ ಕಾಯ್ದೆ ಹೆಸರು ಹೇಳ್ರಿ. ಗಿಡದ ಟೊಂಗಿ ಕಡಿಯೋ ಮುಂಚೆನೂ ಕೇಳ್ರಿ, 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಗಿಡ ಕಡೀಲಿಕ್ಕೆ ವೃಕ್ಷಾಧಿಕಾರಿ ಅನುಮತಿ ಬೇಕು, ಸ್ವಯಂಸೇವಕರಿಗೂ ಅದು ಅನ್ವಯ.

ಬೆಂಗಳೂರಲ್ಲಿರೋ_ಕಲಬುರಗಿಯವ

ಸರ್, ಹೀಗೆ ಕಾಗದ ಇಟ್ಕೊಂಡು ಮಾಡೋದಾದ್ರೆ ನನ್ನ ತಕರಾರಿಲ್ಲ. ಆರ್‌ಟಿಐ ಅರ್ಜಿ ನಾನು ಇಲ್ಲಿಂದಲೇ ಡ್ರಾಫ್ಟ್ ಮಾಡಿ ಕಳಿಸ್ತೀನಿ. ಅಪ್ಪ ಅಮ್ಮ ಅಲ್ಲೇ ಇದ್ದಾರೆ, ಅಪ್ಪಂಗೆ ಮಂಡಿ ನೋವು, ನೆಲದ ಮೇಲೆ ಕೂರೋ ಕೆಲಸ ಬಿಟ್ಟು ಬೇರೆ ಏನಾದ್ರೂ ಕೊಡಿ, ಬರ್ತಾರೆ.

ಬೀದರ್_ಕೋಟಿ

ಬೀದರಿನಿಂದ ಬರೀಲಿಕತ್ತೀನಿ. ನಮ್ಮ ಓಣಿ ಗಾರ್ಡನ್‌ದಾಗೂ ಹಿಂಗೇ ಶುರು ಮಾಡಿದ್ವಿ, ಇನ್ನೂ ನಡೀಲಿಕತ್ತದ. ನಮ್ಮಲ್ಲಿ ಕೆಂಪು ಮಣ್ಣು, ಜಂಬಿಟ್ಟಿಗಿ, ನೀರು ಹಾಕಿದ್ರ ಸೋಸಿ ಕೆಳಗ ಹೋಗ್ತದ. ನಿಮ್ಮ ಕಡಿ ಎರಿಮಣ್ಣು ಮಳಿಗಾಲದಾಗ ಉಬ್ಬಿ ನೀರು ನಿಲ್ತದ, ಬ್ಯಾಸಿಗ್ಯಾಗ ಕೈ ಹೋಗೋವಷ್ಟು ಬಿರುಕು ಬಿಟ್ಟು ಸಸಿ ಬೇರೇ ಹರೀತದ. ಹಂಗಾಗಿ ನಮ್ಮ ಅನುಭವ ಪೂರಾ ನಿಮಗ ಹೊಂದಂಗಿಲ್ಲ.

ಆದ್ರ ಒಂದು ಮಾತ್ರ ಎರಡೂ ಕಡಿ ಒಂದೇ. ಮಂದಿ ಎಷ್ಟು ಸಸಿ ಹಚ್ಚಿದ್ವಿ ಅಂತ ಲೆಕ್ಕ ಇಡ್ತಾರ, ಮೇ ತಿಂಗಳಿಗೆ ಎಷ್ಟಕ್ಕ ನೀರು ಹಾಕ್ಲಿಕ್ಕೆ ಆಗ್ತದ ಅಂತ ಯಾರೂ ಲೆಕ್ಕ ಹಾಕಂಗಿಲ್ಲ. ಬ್ಯಾಸಿಗ್ಯಾಗ ಒಂದು ಸಣ್ಣ ಸಸಿಗೆ ವಾರಕ್ಕ ಎರಡು ಸಲ, ಸಲಕ್ಕ 10 ಲೀಟರ್ ಅಂತ ಹಿಡೀರಿ. 50 ಸಸಿ ಹಚ್ಚಿದ್ರ ವಾರಕ್ಕ ಸಾವಿರ ಲೀಟರ್. ಕುಡಿಯೋ ನೀರಿಗೇ ಟ್ಯಾಂಕರ್ ಕಾಯೋ ಮೇ ತಿಂಗಳದಾಗ ಎಲ್ಲಿಂದ ತರ್ತೀರಿ? 12 ಹಚ್ರಿ, 12ನ್ನೂ ಬದುಕಿಸ್ರಿ. ಮುಂದಿನ ವರ್ಷ ಮತ್ತ 12.

ಎರಿ_ಹೊಲ

ಬೀದರಿನ ಅಣ್ಣನ ಮಾತು ಬರಾಬರಿ ಅದ. ಎರಿಮಣ್ಣಿಗೆ ತೆಗ್ಗು ಜರಾ ದೊಡ್ಡದು ತೆಗೀರಿ, ಎರಡೂವರಿ ಫೂಟ್ ಅಗಲ, ಅಷ್ಟೇ ಆಳ, ಬ್ಯಾಸಿಗ್ಯಾಗೇ ತೆಗದು ಬಿಸಿಲಿಗೆ ಬಿಡ್ರಿ. ತುಂಬೋ ಮುಂದ ಮರಮು (ಗರಸು ಮಣ್ಣು), ಕೊಳತ ಸಗಣಿ ಗೊಬ್ಬರ ಕಲಸ್ರಿ, ಬಿರುಕು ಕಡಿಮಿ ಆಗ್ತದ. ಹಚ್ಚೋದು ಜೂನ್‌ದಾಗ ಎರಡು ಹದವಾದ ಮಳಿ ಆದ ಮ್ಯಾಲ. ಬೇವು, ಹೊಂಗಿ, ಹುಣಸಿ, ನೇರಳೆ, ಬಿಲ್ವಪತ್ರಿ, ಕಕ್ಕಿ, ಇವು ನಮ್ಮ ಬಿಸಿಲು ತಡ್ಕೊಂಡು ಬಂದ ಗಿಡ. ಆಲ ಅರಳಿ ಕಾಂಪೌಂಡ್ ಹತ್ರ ಬ್ಯಾಡ, ಗ್ವಾಡಿ ಒಡೀತಾವ, ನಡುವ ಜಾಗ ಇದ್ದ ಕಡಿ ಒಂದು ಹಚ್ರಿ ಸಾಕು.

ಲಗೂ ಬೆಳೀತದ ಅಂತ ಹೇಳಿ ಕೋನೊಕಾರ್ಪಸ್ ತಂದು ಕೊಟ್ರ ತಗೋಬ್ಯಾಡ್ರಿ. ನಮ್ಮ ದೇಶದ ಗಿಡ ಅಲ್ಲ, ಬೇರು ಪೈಪಿನೊಳಗ ಹೋಗ್ತಾವ, ಪರಾಗದಿಂದ ಅಲರ್ಜಿ ಅಂತ 2023ರಾಗ ಗುಜರಾತ ಸರ್ಕಾರ ಹಚ್ಚೋದೇ ನಿಲ್ಲಿಸ್ಯದ.

ನೀರಿಗೆ ಹಳೆ ಪದ್ಧತಿ ಒಂದದ. ಕುಂಬಾರರ ಹತ್ರ ಸಾದಾ ಮಣ್ಣಿನ ಗಡಿಗಿ ತಂದು, ಸಸಿ ಬಾಜು ಕುತಿಗಿ ಮಟ ಹೂತು, ನೀರು ತುಂಬಿ ಬಾಯಿ ಮುಚ್ಚಬೇಕು. ಗಡಿಗಿ ಮೈಯಿಂದ ನಿಧಾನಕ ಒಸರಿ ಬೇರಿಗೇ ಹೋಗ್ತದ, ಬಿಸಿಲಿಗೆ ಹಾರಿ ಹೋಗಂಗಿಲ್ಲ. ಬಣ್ಣ ಬಳ್ದದ್ದು, ಪಾಲಿಶ್ ಇದ್ದದ್ದು ನಡ್ಯಂಗಿಲ್ಲ. ಬುಡದ ಸುತ್ತ ಒಣ ಎಲಿ ನಾಕು ಬೆರಳು ದಪ್ಪ ಹಾಸ್ರಿ, ಕಾಂಡಕ್ಕ ತಾಗಬಾರದು.

ಗಂಜ್_ಹುಡುಗ

ಎಲಿ ಬದ್ಲಿ ತೊಗರಿ ಹೊಟ್ಟು ಹಾಸಿದ್ರ? ದಾಲ್ ಮಿಲ್ ಕಡಿ ಸಿಗ್ತದ.

ಎರಿ_ಹೊಲ

ಹೊಟ್ಟು ದನಕ್ಕ ಬೇಕು ತಮ್ಮಾ, ರೊಕ್ಕ ಕೊಟ್ಟು ಒಯ್ತಾರ. ಹೊಟ್ಟಿನ ವಾಸನಿಗೆ ದನ ಗೇಟ್ ದಾಟಿ ಬಂದು ಸಸಿನೂ ಮೇಯ್ತಾವ. ಬೇವಿನ ಎಲಿ ಬಿದ್ದದ್ದೇ ಸಾಕು.

ದರ್ಗಾ_ರೋಡ್

ಅಸ್ಸಲಾಂ ಎಲ್ಲರಿಗೂ. ನಮ್ಮನಿ ಈ ಕಡಿ ಆದ್ರೂ ಅಕ್ಕನ ಮನಿ ನಿಮ್ಮ ಕಾಲೊನಿ ಹತ್ರನೇ ಅದ, ಆಯ್ತವಾರ ನಾವಿಬ್ರೂ ಬರ್ತೀವಿ. ನಮ್ಮಮ್ಮ ಮನ್ಯಾಗ ಅಕ್ಕಿ, ಬ್ಯಾಳಿ, ಕಾಯಿಪಲ್ಲೆ ತೊಳ್ದ ನೀರು ಒಂದು ಬಕೆಟ್‌ದಾಗ ಹಿಡದಿಟ್ಟು ಬಾಗಿಲ ಮುಂದಿನ ಲಿಂಬಿ ಗಿಡಕ್ಕ ಹಾಕ್ತಾರ, ಬ್ಯಾಸಿಗಿ ಪೂರಾ ಅದರ ಮ್ಯಾಲೇ ಆ ಗಿಡ ಹಸರ ಇರ್ತದ. ಗಾರ್ಡನ್ ಸುತ್ತ ಇರೋ ಮನಿಯವರು ದಿನಾ ಒಂದೊಂದು ಬಕೆಟ್ ಇಂಥ ನೀರು ಕೊಟ್ರ 12 ಸಸಿಗೆ ಟ್ಯಾಂಕರ್ ಬೇಕೇ ಇಲ್ಲ. ಸಾಬೂನಿನ ನೀರು ಬ್ಯಾಡ ಅಷ್ಟೇ.

ಆರ್‌ಒ ಮಷಿನ್ ಇದ್ದವರು ಅದರ ವೇಸ್ಟ್ ನೀರು ಕೊಡಬಹುದಾ?

ನಿವೃತ್ತ_ಇಂಜಿನಿಯರ್

ಆರ್‌ಒ ವೇಸ್ಟ್ ನೀರಿನ್ಯಾಗ ಲವಣ ಹೆಚ್ಚಿರ್ತದ, ನಮ್ಮ ಬೋರ್ ನೀರು ಮೊದಲೇ ಗಡಸು. ಅದನ್ನ ಬೆಂಚ್, ಜಾರುಬಂಡಿ, ಫರ್ಸಿ ತೊಳೀಲಿಕ್ಕೆ ಇಟ್ಕೊಳ್ರಿ. ಸಸಿಗೆ ಬ್ಯಾಡ.

ಫರ್ಸಿ ಅಂದಕೂಡ್ಲೆ ನೆನಪಾತು, ದೊಡ್ಡ ಗಿಡದ ಬುಡದ ತನಕ ಶಾಬಾದಿ ಕಲ್ಲು, ಸಿಮೆಂಟ್ ಹಾಕಿದ್ದಿದ್ರ ಒಡಿಸಬೇಕು ಅಂತ ಅರ್ಜಿದಾಗ ಸೇರಿಸ್ರಿ. 2013ರಾಗ ದಿಲ್ಲಿ ಪ್ರಕರಣದಾಗ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಗಿಡದ ಸುತ್ತ ಒಂದು ಮೀಟರ್ ಒಳಗಿನ ಕಾಂಕ್ರೀಟ್ ತೆಗೀರಿ ಅಂತ ಹೇಳ್ಯದ. ನೀರು ಇಂಗದೆ, ಬೇರಿಗೆ ಗಾಳಿ ಸಿಗದೆ ಗಿಡ ಒಳಗಿಂದ ಒಳಗೇ ಸೊರಗ್ತದ, ಒಂದಿನ ಜೋರ್ ಗಾಳಿಗೆ ಬೀಳ್ತದ.

ಗಂಜ್_ಹುಡುಗ

ಸರ್, ನಿನ್ನೆ ಸಂಜಿ ಹೋಗಿ ನೋಡ್ಕೊಂಡು ಬಂದೆ. ಗೇಟಿನ ಎಡಗಡಿ ಬೇವಿನ ಗಿಡಕ್ಕ ಸಣ್ಣದಿದ್ದಾಗ ಹಾಕಿದ ಕಬ್ಬಿಣದ ಟ್ರೀ ಗಾರ್ಡ್ ಯಾರೂ ತೆಗದೇ ಇಲ್ಲ. ಗಿಡ ದಪ್ಪ ಆಗಿ ಪಟ್ಟಿ ತೊಗಟಿಯೊಳಗ ಮುಣಗ್ಯದ, ಪಟ್ಟಿ ಮ್ಯಾಲಿನ ತೊಗಟಿ ತುಟಿ ಊದಿದಂಗ ಉಬ್ಬಿ ಅರ್ಧ ಕಬ್ಬಿಣ ನುಂಗಿಬಿಟ್ಟದ, ಅಲ್ಲಿಂದ ಅಂಟು ಸೋರ್ಲಿಕತ್ತದ. ಗಾರ್ಡ್ ಮ್ಯಾಲ ದಾನಿಗಳ ಹೆಸರಿನ ಬೋರ್ಡ್ ಮಾತ್ರ ಹಂಗೇ ಅದ. ಎಳದು ತೆಗೀಬೇಕಾ ಹ್ಯಾಂಗ?

ಎರಿ_ಹೊಲ

ಎಳೀಬ್ಯಾಡ, ತೊಗಟಿ ಸುತ್ತಾ ಕಿತ್ತು ಬಂದ್ರ ಗಿಡ ಸತ್ತೇ ಹೋಗ್ತದ. ಗ್ರೈಂಡರ್ ಇರೋ ವೆಲ್ಡಿಂಗ್ ಹುಡುಗನ್ನ ಕರ್ಕೊಂಡು ಬಾ, ಹೊರಗ ಕಾಣೋ ಪಟ್ಟಿ ಅಷ್ಟೇ ತುಂಡು ತುಂಡು ಕೊಯ್ಸು. ಒಳಗ ಮುಣಗಿದ್ದು ಹಂಗೇ ಇರ್ಲಿ, ಗಿಡ ತಾನೇ ಮುಚ್ಕೋತದ. ಕೊಯ್ಯೋ ಮುಂದ ಕಿಡಿ ಹಾರ್ತಾವ, ಕೆಳಗಿನ ಒಣ ಎಲಿ ಸರಿಸಿ ನೀರು ಚಿಮುಕಿಸಿಟ್ಕೊ.

ಜಗತ್_ಸರ್ಕಲ್

ಇಷ್ಟೆಲ್ಲಾ ಓದಿ ನಾನೂ ಬರ್ತೀನಿ ಅಂತ ಬರೀಲಿಕತ್ತೀನಿ. ಉಪ್ಪಿನ ವಿಷಯ ಬಿಟ್ಟೆ. ಎಲಿ ಗುಂಪಿ ಆದ್ರ ಸುಟ್ಟು ಬಿಡೋದಾ? ನಮ್ಮ ಕಡಿ ಎಲ್ಲರೂ ಮುಂಜಾನಿ ಸುಡ್ತಾರ.

ಟೀಚರಮ್ಮ

ಸುಡಬ್ಯಾಡ್ರಿ, ದಯಮಾಡಿ. ಬಯಲಾಗ ಕಸ ಸುಟ್ರ 5 ಸಾವಿರ, ದೊಡ್ಡ ಪ್ರಮಾಣದಾಗ ಸುಟ್ರ 25 ಸಾವಿರ ದಂಡ ಅಂತ 2016ರಾಗೇ ಹಸಿರು ನ್ಯಾಯಮಂಡಳಿ ಆದೇಶ ಮಾಡ್ಯದ. ದಂಡಕ್ಕಿಂತ ಆ ಹೊಗಿ ಬಾಜು ಮನ್ಯಾಗ ಮಲಗಿರೋ ಕೂಸಿಗೆ ಹೋಗ್ತದ, ಅದರಾಗ ಗುಟ್ಕಾ ಚೀಟಿ ಪ್ಲಾಸ್ಟಿಕ್ ಸೇರಿರ್ತದ.

ಮೂಲ್ಯಾಗ ಒಂದು ತೆಗ್ಗು ತೆಗೀರಿ, ಮೂರು ಫೂಟ್ ಆಳ ಸಾಕು. ಒಂದು ಪದರ ಎಲಿ, ಮ್ಯಾಲ ಸಗಣಿ ನೀರು, ಒಂದು ಪುಟ್ಟಿ ಮಣ್ಣು, ಮತ್ತ ಎಲಿ. ಹಸಿ ಆರದಂಗ ನೋಡ್ಕೊಂಡು ತಿಂಗಳಿಗೊಮ್ಮೆ ತಿರುವಿ ಹಾಕಿದ್ರ ಮಳಿಗಾಲ ಮುಗಿಯೋದ್ರಾಗ ಗೊಬ್ಬರ. ಹೂ ಬಿಟ್ಟ ಕಾಂಗ್ರೆಸ್ ಕಸ ಮಾತ್ರ ಅದರಾಗ ಹಾಕಬ್ಯಾಡ್ರಿ, ಬೀಜ ಸಾಯಂಗಿಲ್ಲ. ಬೆಂಗಳೂರಿನ ತಮ್ಮನ ಅಪ್ಪಾಜಿಗೆ ಈ ತೆಗ್ಗಿನ ಉಸ್ತುವಾರಿ ಕೊಡ್ರಿ, ಕುರ್ಚಿ ಹಾಕ್ಕೊಂಡು ಕುಂತು ಹೇಳಿದ್ರ ಸಾಕು.

ಕೋಟಿ_ರೋಡ್_ಗೆಳೆಯ

ಇದು ಚಲೋ ನಡದ ಮ್ಯಾಲ ನಮ್ಮೂರ ಕೋಟಿ (ಕೋಟೆ) ಸುತ್ತಿನ ಕಂದಕ ಸ್ವಚ್ಛ ಮಾಡೋಣೇನು? ಎಷ್ಟು ಕಸ ಬಿದ್ದದ ನೋಡಿದ್ರ ಹೊಟ್ಟಿ ಉರೀತದ, ಬಹಮನಿ ಕಾಲದ್ದು.

ನಿವೃತ್ತ_ಇಂಜಿನಿಯರ್

ಕೋಟಿ ಕೇಂದ್ರ ಪುರಾತತ್ವ ಇಲಾಖೆ ಸಂರಕ್ಷಣೆದಾಗ ಅದ. ಅಲ್ಲಿ ಗುದ್ದಲಿ ಹಾಕೋದು, ಕಲ್ಲಿನ ಸಂದಿನ ಗಿಡ ಕೀಳೋದು ನಾವಾಗಿ ಮಾಡಬಾರದು, ಬೇರಿನ ಕೂಡ ಕಲ್ಲೇ ಸಡಲಾಗ್ತದ. ಇಲಾಖೆಗೆ ಬರದು, ಅವರ ಸಿಬ್ಬಂದಿ ಎದುರಿಗೆ ಪ್ಲಾಸ್ಟಿಕ್ ಆರಿಸೋದು ಅಷ್ಟೇ ಮಾಡಬಹುದು. ಮೊದಲ ಈ ಅರ್ಧ ಎಕರೆ ಒಂದು ಬ್ಯಾಸಿಗಿ ದಾಟ್ಲಿ.

ದರ್ಗಾ_ರೋಡ್

ಅಕ್ಕ ಕೇಳ್ಲಿಕತ್ತಾಳ, ಹುಲ್ಲಿನ್ಯಾಗ ಹಾವು ಚೇಳು ಇದ್ರ ಹ್ಯಾಂಗ ಅಂತ. ಕಲ್ಲಿನ ರಾಶಿ ಒಂದು ಅದ ಅಲ್ಲಿ.

ಎರಿ_ಹೊಲ

ಅಕ್ಕಾವ್ರೇ, ಚೇಳು ಇದ್ದೇ ಇರ್ತಾವ ಅಂತ ತಿಳ್ಕೊಂಡೇ ಕೆಲಸ ಮಾಡ್ರಿ. ಕಲ್ಲಿನ ಸಂದಿಗೆ ಕೈ ಹಾಕಬ್ಯಾಡ್ರಿ, ಸಲಿಕಿಲೆ ಹೊರಳಿಸ್ರಿ, ನಿಮ್ಮ ಕಡಿ ಎಳ್ಕೊಳ್ರಿ, ಅಂದ್ರ ಒಳಗಿದ್ದದ್ದು ಆಚೆ ಕಡಿ ಹೋಗ್ತದ. ಹುಲ್ಲಿನ್ಯಾಗ ಕೋಲು ಬಡಿದು ಆಮ್ಯಾಲ ಇಳೀರಿ. ಹಾವು ಕಡದ್ರ ಕೊಯ್ಯೋದು, ಹೀರೋದು, ಬಿಗಿ ಕಟ್ಟೋದು, ಮಂತ್ರ ಹಾಕಿಸೋದು ಯಾವುದೂ ಬ್ಯಾಡ, ಕಡದ ಕೈಕಾಲು ಅಳ್ಳಾಡಿಸದಂಗ ಇಟ್ಕೊಂಡು 108ಕ್ಕ ಫೋನ್ ಹಚ್ಚಿ ಸೀದಾ ಸರ್ಕಾರಿ ಆಸ್ಪತ್ರಿಗೆ. ಸಣ್ಣ ಮಕ್ಕಳಿಗೆ ಚೇಳು ಕಡದ್ರೂ ತಡ ಮಾಡಬ್ಯಾಡ್ರಿ.

ಸೇಡಂ_ರೋಡ್_ನಿವಾಸಿ

ಇಷ್ಟು ಮಂದಿ ಇಷ್ಟು ಮನಸಿಟ್ಟು ಬರೀತೀರಿ ಅನ್ಕೊಂಡಿದ್ದಿಲ್ಲ. ಈಗ ಇಷ್ಟು ಪಕ್ಕಾ ಮಾಡ್ಕೊಳ್ಳೋಣ. ಬರೋ ಆಯ್ತವಾರ ಮುಂಜಾನಿ 6ಕ್ಕ ಗೇಟ್ ಮುಂದ, ಮೊದಲ ದಿನ ಗಾಜು ಮತ್ತ ಗುಟ್ಕಾ ಚೀಟಿ ಮಾತ್ರ, ಬ್ಯಾರೆ ಯಾವುದಕ್ಕೂ ಕೈ ಹಾಕೋದು ಬ್ಯಾಡ. ಇಂಜಿನಿಯರ್ ಸಾಹೇಬ್ರು ಪತ್ರ ಬರ್ದು ಕೊಡ್ತಾರ, ಸೋಮವಾರ ನಾ ಒಯ್ದು ಸ್ವೀಕೃತಿ ತರ್ತೀನಿ, ಲೈಟ್ ಅದರಾಗ ಮೊದಲನೇ ಬೇಡಿಕೆ. ಗ್ರೈಂಡರಿನ ಹುಡುಗ ಗಂಜಿನ ತಮ್ಮನ ಜವಾಬ್ದಾರಿ. ಸಸಿ 12ಕ್ಕಿಂತ ಒಂದೂ ಹೆಚ್ಚಿಲ್ಲ, ಯಾರರ ದೊಡ್ಡವರು ಬಂದು ನೂರು ಕೊಡ್ತೀವಿ ಅಂದ್ರೂ ಇಲ್ಲ. ಗಾರ್ಡನ್ ಮಾಲಿ ಕಾಕಾ ವಾರಕ್ಕ ಎರಡು ದಿನ ಬರ್ತಾರ ಅಂತ ಇವತ್ತ ಗೊತ್ತಾತು, ಅವರಿಗೆ ಮೂರು ಗಾರ್ಡನ್ ಹಚ್ಚ್ಯಾರ, ಪೈಪ್ ಸುದ್ದಾ ಕೊಟ್ಟಿಲ್ಲ. ಅವರನ್ನ ಕರದೀನಿ, ಅವರು ಹೇಳಿದಂಗ ನಾವು ಕೆಲಸ ಮಾಡೋಣ.

ಮಾರ್ಚ್‌ದಿಂದ ಮೇ ತನಕ ನೀರಿನ ಪಾಳಿ ಈಗೇ ಬರ್ದು ಬಿಡೋಣ, ಆವಾಗ ಕೇಳಿದ್ರ ಎಲ್ಲರೂ ಊರಿಗೆ ಹೋಗಿರ್ತಾರ. ಮಂಗಳವಾರ ನಂದು, ಶುಕ್ರವಾರ ಟೀಚರ್ ಅಕ್ಕಾರದು. ಶಾಲಿ ರಜಾ ಇದ್ದಾಗ ಶುಕ್ರವಾರ ಯಾರು ತಗೋತೀರಿ?

ಪೌರಕಾರ್ಮಿಕರ_ಮನಿ_ಹುಡುಗಿ

ನಾ ತಗೋತೀನಿ ಅಣ್ಣಾ, ಕಾಲೇಜ್ ಮಧ್ಯಾಹ್ನ ಬಿಡ್ತದ, ಸಂಜಿ ಬರ್ತೀನಿ. ಗೇಟ್ ಕೀಲಿ ಯಾರ ಹತ್ರ ಇರ್ತದ ಅದೊಂದು ಹೇಳ್ರಿ. ಮತ್ತ ನಿಮ್ಮ ಓಣಿಗೆ ಕಸದ ಗಾಡಿ ಸೋಮವಾರ 7ರ ಸುಮಾರಿಗೆ ಬರ್ತದಂತ, ನಮ್ಮವ್ವನ ಕಡಿಂದ ಕೇಳ್ಕೊಂಡೀನಿ.

ಸೇಡಂ_ರೋಡ್_ನಿವಾಸಿ

ಕೀಲಿ ಒಂದು ಮಾಲಿ ಕಾಕಾರ ಹತ್ರ ಅದ, ಇನ್ನೊಂದು ಗೇಟ್ ಎದುರಿನ ಕಿರಾಣಿ ಅಂಗಡ್ಯಾಗ ಇಡಿಸ್ತೀನಿ ತಂಗಿ. ಚೀಲ ಸೋಮವಾರ ಆರೂವರಿಗೆ ಹೊರಗ ಇಡ್ತೀವಿ, ಗಾಜಿನ ಡಬ್ಬಿ ನಾನೇ ನಿಂತು ಕೈಗೆ ಕೊಡ್ತೀನಿ.